ಮನೇಲಿ ಶುಂಠಿ ಸೋಡಾ, ಕೊಂಬುಚಾ ಮಾಡೋರು ಬಾಟಲಿ ಮುಚ್ಚಳ ಬಿಗಿಯೋ ಮುಂಚೆ ಓದಿ

ಮನೇಲೇ ಜಿಂಜರ್ ಬಿಯರ್ (ಶುಂಠಿ ಸೋಡಾ), ಕೊಂಬುಚಾ (ಸಿಹಿ ಚಹಾನ ಹುಳಿ ಬರಿಸಿ ಮಾಡೋ ಪಾನೀಯ), ಅನಾನಸ್ ಸಿಪ್ಪೆ ಸೋಡಾ ಇವನ್ನೆಲ್ಲ ಮಾಡೋ ಹುಚ್ಚು ಈಗ ಜೋರಾಗಿದೆ, ಮಾಡ್ಬೇಡಿ ಅಂತ ಹೇಳೋಕೆ ನಾನು ಕೂತಿಲ್ಲ, ನಾನೂ ಮಾಡ್ತೀನಿ. ಆದ್ರೆ ಹೊಸಬರು ಎಲ್ರೂ ಮೊದಲು ಕೇಳೋದು "ಹೊಟ್ಟೆ ಕೆಡಲ್ವಾ?" ಅಂತ. ಹೊಟ್ಟೆ ವಿಷಯ ಆಮೇಲೆ ನೋಡೋಣ, ಅದಕ್ಕೆ ಹುಳಿನೇ ಅರ್ಧ ಕಾವಲು ಕಾಯುತ್ತೆ. ಮೊದಲು ಕೇಳಬೇಕಾದ್ದು ಬಾಟಲಿ ತಡ್ಕೊಳ್ಳುತ್ತಾ ಅಂತ. ಈ ಹವ್ಯಾಸದಲ್ಲಿ ಜನ ಆಸ್ಪತ್ರೆ ಸೇರೋ ಹಾಗೆ ಮಾಡೋದು ಹೆಚ್ಚಾಗಿ ಗಾಜಿನ ಚೂರು, ಇಲ್ಲಾಂದ್ರೆ ಕಣ್ಣಿಗೆ ಹಾರಿ ಬಡಿದ ಮುಚ್ಚಳ.

ಒಳಗೆ ಏನಾಗ್ತಿದೆ ಅಂತ ಮೊದಲು ತಿಳ್ಕೊಳ್ಳಿ

ಅಂಗಡಿ ಸೋಡಾದಲ್ಲಿ ಗ್ಯಾಸನ್ನ ಮೆಷಿನ್ನಿಂದ ತುಂಬಿರ್ತಾರೆ, ಎಷ್ಟು ತುಂಬಿದ್ರೋ ಅಷ್ಟೇ, ಆಮೇಲೆ ಜಾಸ್ತಿ ಆಗಲ್ಲ. ಮನೆ ಸೋಡಾದಲ್ಲಿ ಹಾಗಲ್ಲ, ಬಾಟಲಿ ಒಳಗೆ ಯೀಸ್ಟ್ ಜೀವಂತ ಇರುತ್ತೆ, ಸಕ್ಕರೆ ತಿಂತಾ ಇರುತ್ತೆ, ಒಂದು ಕಡೆ ಕಾರ್ಬನ್ ಡೈಆಕ್ಸೈಡ್, ಇನ್ನೊಂದು ಕಡೆ ಆಲ್ಕೋಹಾಲ್ ಬಿಡ್ತಾ ಇರುತ್ತೆ. ಸಕ್ಕರೆ ಇರೋವರೆಗೂ ನಿಲ್ಲಿಸಲ್ಲ, ನೀವು ಮಲಗಿದ್ರೂ ಅದು ಮಲಗಲ್ಲ.

ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ, ಮುಂದಿನ ಎಲ್ಲಾ ಹೆಜ್ಜೆಗಳ ಕಾರಣ ಇದ್ರಲ್ಲೇ ಇದೆ. ಒಂದು ಲೀಟರ್ ನೀರಿಗೆ ಅಂಗಡಿ ಸೋಡಾದಷ್ಟು ಚುರುಕು ಬರಬೇಕಂದ್ರೆ ಯೀಸ್ಟ್ ತಿನ್ನಬೇಕಾದ ಸಕ್ಕರೆ ಸುಮಾರು 14 ಗ್ರಾಂ, ಅಂದ್ರೆ ಬರೀ ಮೂರು ಟೀ ಚಮಚ. ನಾವು ರುಚಿಗೆ ಅಂತ ಹಾಕೋದು ಲೀಟರಿಗೆ 70 ಗ್ರಾಂ, ಕೆಲವರು 100. ಅಂದ್ರೆ ಐದನೇ ಒಂದು ಪಾಲು ಸಕ್ಕರೆ ಖರ್ಚಾಗೋ ಹೊತ್ತಿಗೆ ಸೋಡಾ ರೆಡಿ, ಮಿಕ್ಕ ನಾಲ್ಕು ಪಾಲು ಒಳಗೇ ಕೂತಿರುತ್ತೆ. ಅದನ್ನ ಮರೆತು ಹೊರಗೆ ಬಿಟ್ರೆ ಯೀಸ್ಟ್ ಅದನ್ನೂ ತಿನ್ನೋಕೆ ಶುರು ಮಾಡುತ್ತೆ, ಅಷ್ಟು ಗ್ಯಾಸ್ ತಡ್ಕೊಳ್ಳೋ ಬಾಟಲಿ ಯಾರ ಮನೇಲೂ ಇಲ್ಲ. "ಇನ್ನೂ ಸಿಹಿ ಇದೆ, ಇನ್ನೊಂದಿನ ಇರ್ಲಿ" ಅನ್ನೋ ಮಾತು ಬಂತಲ್ಲ, ಅಪಾಯ ಇರೋದು ಅಲ್ಲೇ.

ಇನ್ನೊಂದು, ಬಿಸಿ. ಅದೇ ಬಾಟಲಿ, ಅಷ್ಟೇ ಗ್ಯಾಸ್, ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಇದ್ರೆ ಒಳಗಿನ ಪ್ರೆಶರ್ 20 ಪಿಎಸ್‌ಐ ಆಸುಪಾಸು. 30 ಡಿಗ್ರಿ ರೂಮಲ್ಲಿ ಇಟ್ರೆ 60 ಆಗುತ್ತೆ. ನಿಮ್ಮ ಕಾರಿನ ಟೈರಲ್ಲಿ ಇರೋದು 30-35, ಅಂದ್ರೆ ಅಡುಗೆಮನೆ ಕಟ್ಟೆ ಮೇಲೆ ಸುಮ್ನೆ ನಿಂತಿರೋ ಬಾಟಲಿಯಲ್ಲಿ ಟೈರಿನ ಎರಡರಷ್ಟು ಒತ್ತಡ, ಅದೂ ಎಲ್ಲಾ ಸರಿಯಾಗಿದ್ದಾಗ. ಬಿಸಿಲಲ್ಲಿ ನಿಲ್ಲಿಸಿದ ಕಾರೊಳಗೆ ಬಿಟ್ರೆ ನೂರರ ಹತ್ತಿರ ಹೋಗುತ್ತೆ. ತಣ್ಣಗಿರೋ ನೀರು ಗ್ಯಾಸನ್ನ ಒಳಗೆ ಹಿಡ್ಕೊಳ್ಳುತ್ತೆ, ಬಿಸಿಯಾದ್ರೆ ಬಿಟ್ಬಿಡುತ್ತೆ, ಅಷ್ಟೇ ವಿಷಯ.

ಫ್ರಾನ್ಸಿನ ಶಾಂಪೇನ್ ನೆಲಮಾಳಿಗೆಗಳಲ್ಲಿ ಒಂದು ಕಾಲದಲ್ಲಿ ಕೆಲಸದವರು ಮುಖಕ್ಕೆ ಕಬ್ಬಿಣದ ಮುಖವಾಡ ಹಾಕ್ಕೊಂಡು ಓಡಾಡ್ತಿದ್ರು, ಒಂದು ಬಾಟಲಿ ಸಿಡಿದ್ರೆ ಅದರ ಚೂರು ತಗುಲಿ ಪಕ್ಕದ್ದು, ಅದರಿಂದ ಅದರ ಪಕ್ಕದ್ದು ಅಂತ ಸಾಲಾಗಿ ಹೋಗ್ತಿದ್ವು. 1830ರ ದಶಕದಲ್ಲಿ ಅಲ್ಲಿನ ಫಾರ್ಮಸಿಸ್ಟ್ ಒಬ್ರು ಎಷ್ಟು ಸಕ್ಕರೆಗೆ ಎಷ್ಟು ಗ್ಯಾಸ್ ಅಂತ ಲೆಕ್ಕ ಕಟ್ಟಿಕೊಟ್ಟ ಮೇಲೇನೇ ಒಡೆಯೋದು ಕಮ್ಮಿ ಆಗಿದ್ದು.

ಹೆಜ್ಜೆ 1: ಬಾಟಲಿ. ಇದೊಂದು ಸರಿ ಇದ್ರೆ ಅರ್ಧ ಗೆದ್ದಂಗೆ

ಸೋಡಾ ಅಥವಾ ಕೋಲಾ ಬಂದಿದ್ದ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲಿ ಚೆನ್ನಾಗಿ ಕಾಣಲ್ಲ, ನಿಜ. ಆದ್ರೆ ಅದು ಗ್ಯಾಸಿಗೆ ಅಂತಲೇ ಮಾಡಿದ್ದು, ಒಳಗೆ ಏನಾಗ್ತಿದೆ ಅಂತ ಕೈಗೆ ಹೇಳುತ್ತೆ, ತೀರಾ ಕೈಮೀರಿದ್ರೂ ಉಬ್ಬಿ ಹರಿಯುತ್ತೆ ಹೊರತು ಚೂಪಾದ ಚೂರಾಗಿ ಮೈಮೇಲೆ ಬರಲ್ಲ.

ಪ್ಲಾಸ್ಟಿಕ್ ಅಂದ್ಕೊಂಡು ಕುಡಿಯೋ ನೀರಿನ ಬಾಟಲಿ ತಗೋಬೇಡಿ. ಎರಡನ್ನೂ ಕೈಯಲ್ಲಿ ಹಿಡ್ಕೊಂಡು ಬುಡ ತಿರುಗಿಸಿ ನೋಡಿ. ಸೋಡಾ ಬಾಟಲಿಯ ಬುಡದಲ್ಲಿ ಹೂವಿನ ಎಸಳಿನ ಥರ ಐದು ಉಬ್ಬು ಕಾಲುಗಳು ಇರ್ತವೆ, ಒತ್ತಡ ಬಿದ್ರೆ ಬುಡ ಹೊರಗೆ ಉಬ್ಬದೇ ಇರ್ಲಿ ಅಂತಲೇ ಆ ಆಕಾರ. ನೀರಿನ ಬಾಟಲಿ ಬುಡ ಹೆಚ್ಚುಕಮ್ಮಿ ಚಪ್ಪಟೆ, ಗೋಡೆ ಹಾಳೆಯಷ್ಟು ತೆಳು. ಮತ್ತೆ ಸೋಡಾ ಬಾಟಲಿಯ ಕುತ್ತಿಗೆಯ ತಿರುಪು ನೋಡಿ, ಅಲ್ಲಲ್ಲಿ ನೆಟ್ಟಗೆ ಕಡಿದಂಗೆ ಸಣ್ಣ ಸಂದು ಬಿಟ್ಟಿರ್ತಾರೆ, ಮುಚ್ಚಳ ಅರ್ಧ ತಿರುಗಿಸೋ ಹೊತ್ತಿಗೆ ಗ್ಯಾಸು ಆ ಸಂದಿಂದ ಸುಯ್ ಅಂತ ಹೋಗ್ಬಿಡುತ್ತೆ, ಹಾಗಾಗಿ ಮುಚ್ಚಳ ಕೈಯಿಂದ ಹಾರಲ್ಲ. ಎಷ್ಟು ಚಿಕ್ಕ ವಿಷಯ, ಎಷ್ಟು ಜನರ ಕಣ್ಣು ಉಳಿಸಿದೆಯೋ.

ಗಾಜೇ ಬೇಕು ಅನ್ನೋರಿಗೆ: ಬಿಯರ್ ಬಾಟಲಿ ಅಥವಾ ಗ್ಯಾಸ್ ಇರೋ ಪಾನೀಯಕ್ಕೆ ಅಂತ ಮಾಡಿದ ದುಂಡನೆ, ದಪ್ಪ, ತಂತಿ ಕೊಕ್ಕೆ ಬಿರಡೆಯ ಬಾಟಲಿ ಮಾತ್ರ. ಹೋಮ್ ಡೆಕೋರ್ ಅಂಗಡೀಲಿ ಸಿಗೋ ಚೌಕಾಕಾರದ ಕೊಕ್ಕೆ ಬಾಟಲಿ ನೋಡೋಕೆ ಅದೇ ಥರ ಇರುತ್ತೆ, ಅದು ಎಣ್ಣೆಗೋ ಜ್ಯೂಸಿಗೋ ಇರೋದು, ಮೂಲೆಗಳಲ್ಲಿ ಒತ್ತಡ ಸೇರ್ಕೊಂಡು ಅಲ್ಲೇ ಬಿರುಕು ಬಿಡುತ್ತೆ. ಜಾಮ್ ಬಾಟಲಿ, ಉಪ್ಪಿನಕಾಯಿ ಜಾರು, ಸಾಸ್ ಬಾಟಲಿ, ಇವು ಯಾವುದೂ ಬೇಡ. ಅಂಚು ಚೂರು ಹೋಗಿರೋದು, ಗೀರು ಬಿದ್ದಿರೋದು ಬಿಯರ್ ಬಾಟಲಿ ಆದ್ರೂ ಬೇಡ.

ಗೋಲಿ ಸೋಡಾ ಬಾಟಲಿ ಹಾಕ್ಬೋದಾ ಅಂತ ಯಾವಾಗ್ಲೂ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ. ಅದು ಇಂಗ್ಲೆಂಡಿನ ಹಿರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿದ್ದು, ಗಾಜು ಗಟ್ಟಿನೇ, ಆದ್ರೆ ಅದರ ಜಾಣತನ ಏನಂದ್ರೆ ಒಳಗಿನ ಗ್ಯಾಸೇ ಗೋಲಿನ ಮೇಲಕ್ಕೆ ಒತ್ತಿ ಬಾಯಿ ಮುಚ್ಚೋದು. ಒತ್ತಡ ಜಾಸ್ತಿ ಆದಷ್ಟೂ ಮುಚ್ಚೋದೂ ಬಿಗಿ. ಅಳತೆ ಮಾಡಿ ಗ್ಯಾಸ್ ತುಂಬೋ ಅಂಗಡಿಯವರಿಗೆ ಅದು ಸರಿ. ಒಳಗೇ ಗ್ಯಾಸ್ ಹುಟ್ಟೋ ನಮ್ಮ ಪಾನೀಯಕ್ಕೆ, ಅದೂ ಎಷ್ಟು ಕೈ ಬದಲಾಗಿ ಎಷ್ಟು ಸಲ ಕ್ರೇಟಲ್ಲಿ ಬಡ್ಕೊಂಡಿದೆಯೋ ಗೊತ್ತಿಲ್ಲದ ಹಳೇ ಬಾಟಲಿಲಿ, ಬೇಡವೇ ಬೇಡ.

ಸ್ಟೀಲ್ ಫ್ಲಾಸ್ಕ್ ಬಗ್ಗೆ ಬೇರೆಯಾಗಿ ಹೇಳ್ಬೇಕು, ಯಾಕಂದ್ರೆ ಗಟ್ಟಿ ಅಂತ ಜನ ಇದನ್ನ ಸೇಫ್ ಅಂದ್ಕೋತಾರೆ. ಅದು ಒಡೆಯಲ್ಲ, ಅದಕ್ಕೇ ಒತ್ತಡ ಏರ್ತಾ ಏರ್ತಾ ಹೋಗುತ್ತೆ, ಒಳಗೆ ಕಾಣಲ್ಲ, ಹಿಚುಕಿ ನೋಡೋಕಾಗಲ್ಲ, ಕೊನೆಗೆ ತೆಗೆಯೋಕೆ ಹೋದವರ ಮುಖಕ್ಕೆ ಮುಚ್ಚಳ ಗುಂಡಿನ ಥರ ಬರುತ್ತೆ. ಅಮೆರಿಕದಲ್ಲಿ 2025ರ ಜುಲೈನಲ್ಲಿ ಇದೇ ಕಾರಣಕ್ಕೆ ಸುಮಾರು 8.5 ಲಕ್ಷ ಸ್ಟೀಲ್ ಬಾಟಲಿಗಳನ್ನ ವಾಪಸ್ ಕರೆಸಿದ್ರು, ಜ್ಯೂಸು, ಹಾಲು, ಸೋಡಾ ಥರದ್ದು ಹಾಕಿ ಬಿಟ್ಟು ಆಮೇಲೆ ತೆಗೆಯುವಾಗ ಮುಚ್ಚಳ ಹಾರಿ ಇಬ್ಬರಿಗೆ ಒಂದೊಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋಯ್ತು. ಮಕ್ಕಳ ಸ್ಕೂಲ್ ಬ್ಯಾಗಿಗೆ ಮನೆ ಸೋಡಾನ ಸ್ಟೀಲ್ ಬಾಟಲಿಲಿ ಹಾಕಿ ಕಳಿಸೋದು ದಯವಿಟ್ಟು ಬೇಡ.

ಹೆಜ್ಜೆ 2: ಹುದುಗು ಮಾಡೋದು

ಹುದುಗು ಅಂದ್ರೆ ಸೋಡಾಗೆ ಬೇಕಾದ ಯೀಸ್ಟ್ ಬೆಳೆಸಿಟ್ಕೊಳ್ಳೋ ನೀರು, ಮೊಸರಿಗೆ ಹೆಪ್ಪು ಇದ್ದಂಗೆ. ಒಂದು ಗಾಜಿನ ಜಾರಿಗೆ ಕುದಿಸಿ ಆರಿಸಿದ ನೀರು ಎರಡು ಲೋಟ, ಸಿಪ್ಪೆ ಸಮೇತ ತುರಿದ ಹಸಿ ಶುಂಠಿ ಒಂದು ದೊಡ್ಡ ಚಮಚ, ಸಕ್ಕರೆ ಒಂದು ದೊಡ್ಡ ಚಮಚ. ಬಟ್ಟೆ ಕಟ್ಟಿಡಿ, ಮುಚ್ಚಳ ಹಾಕ್ಬೇಡಿ. ದಿನಾ ಅಷ್ಟಷ್ಟೇ ಶುಂಠಿ, ಸಕ್ಕರೆ ಹಾಕಿ ಕಲಕಿ. ಕಾಡು ಯೀಸ್ಟ್ ಇರೋದು ಶುಂಠಿ ಸಿಪ್ಪೆ ಮೇಲೆ, ಅದಕ್ಕೇ ಸಿಪ್ಪೆ ಬೇಕು, ಮಣ್ಣು ಹೋಗೋ ಹಾಗೆ ತೊಳೀರಿ, ಉಜ್ಜಿ ಕೆರೆಯೋದು ಬೇಡ. ನಲ್ಲಿ ನೀರು ನೇರ ಹಾಕಿದ್ರೆ ಕ್ಲೋರಿನ್ನಿಗೆ ಯೀಸ್ಟ್ ಸುಸ್ತಾಗುತ್ತೆ, ಬೋರ್ ನೀರಲ್ಲಿ ಯಾವ ಕ್ರಿಮಿ ಇರುತ್ತೋ ಗೊತ್ತಿರಲ್ಲ, ಎರಡಕ್ಕೂ ಕುದಿಸೋದೇ ಪರಿಹಾರ.

ನೊರೆ ಬಂದು, ಕಿವಿ ಹತ್ರ ಹಿಡಿದ್ರೆ ಚುರುಚುರು ಸದ್ದು ಬರೋವರೆಗೂ ಬಿಡಿ. ಮೂರು ದಿನಕ್ಕೂ ಆಗ್ಬೋದು, ವಾರಾನೂ ಹಿಡೀಬೋದು. ವಿದೇಶದ ವಿಡಿಯೋ ನೋಡಿ ದಿನ ಲೆಕ್ಕ ಹಾಕ್ಬೇಡಿ, ಅವರ ಅಡುಗೆಮನೆ 20 ಡಿಗ್ರಿ ಇರುತ್ತೆ, ಏಪ್ರಿಲ್ ತಿಂಗಳಲ್ಲಿ ಬೆಂಗಳೂರಲ್ಲೇ 35 ದಾಟುತ್ತೆ, ರಾಯಚೂರು ಕಲಬುರಗಿ ಕಡೆ 40ರ ಮೇಲೆ. ನನ್ನ ಪ್ರಕಾರ ಒಳ್ಳೇ ಅಳತೆ ಅಂದ್ರೆ ನಿಮ್ಮನೆ ದೋಸೆ ಹಿಟ್ಟು. ರಾತ್ರಿ ರುಬ್ಬಿಟ್ಟದ್ದು ಬೆಳಗಿನವರೆಗೆ ಕಾಯದೇ ನಡುರಾತ್ರಿಗೇ ಪಾತ್ರೆಯಿಂದ ಉಕ್ಕೋ ಕಾಲ ಬಂದಿದೆ ಅಂದ್ರೆ ಬಾಟಲಿನೂ ಅಷ್ಟೇ ಜೋರಲ್ಲಿ ಓಡುತ್ತೆ, ಚಳಿಗಾಲದ ಲೆಕ್ಕ ಎಲ್ಲಾ ಅರ್ಧ ಮಾಡ್ಕೊಳ್ಳಿ.

ಶುಂಠಿ ಹುದುಗು ತಲೆನೋವು ಅನ್ನೋರು ಬ್ರೆಡ್ಡಿಗೆ ಹಾಕೋ ಇನ್‌ಸ್ಟಂಟ್ ಯೀಸ್ಟ್ ಹಾಕ್ಬೋದು, ಎರಡು ಲೀಟರಿಗೆ ಒಂದು ಚಿಟಿಕೆ ಸಾಕು. ಚಮಚಗಟ್ಟಲೆ ಹಾಕಿದ್ರೆ ಕೆಲವೇ ಗಂಟೆಯಲ್ಲಿ ಬಾಟಲಿ ಕಲ್ಲಾಗುತ್ತೆ.

ಹೆಜ್ಜೆ 3: ಸೋಡಾ ಕಟ್ಟೋದು

ಎರಡು ಲೀಟರಿಗೆ 100 ಗ್ರಾಂ ಶುಂಠಿ ಜಜ್ಜಿ, 140 ಗ್ರಾಂ ಸಕ್ಕರೆ ಹಾಕಿ ಅರ್ಧ ಲೀಟರ್ ನೀರಲ್ಲಿ ಹತ್ತು ನಿಮಿಷ ಕುದಿಸಿ. ಸಕ್ಕರೆನ ತೂಕ ಮಾಡಿ, ಕಣ್ಣಳತೆ ಬೇಡ, ಸಾರಿಗೆ ಉಪ್ಪು ಹಾಕೋ ಕೈ ಇಲ್ಲಿ ಕೆಲಸಕ್ಕೆ ಬರಲ್ಲ. ಮಿಕ್ಕ ನೀರು ತಣ್ಣಗಿರೋದು ಸೇರಿಸಿ, ಬೆರಳು ಇಟ್ರೆ ಬಿಸಿ ಅನ್ನಿಸಬಾರದು, ಬಿಸಿ ಇದ್ರೆ ಯೀಸ್ಟ್ ಸಾಯುತ್ತೆ. ಚೆನ್ನಾಗಿ ಸೋಸಿ. ಮೂರು ನಾಲ್ಕು ನಿಂಬೆಹಣ್ಣಿನ ರಸ ಹಾಕಿ, ಇದು ರುಚಿಗೆ ಮಾತ್ರ ಅಲ್ಲ, ಹುಳಿ ಜಾಸ್ತಿ ಇದ್ರೆ ಕೆಟ್ಟ ಬ್ಯಾಕ್ಟೀರಿಯಾಗೆ ಜಾಗ ಇರಲ್ಲ. ಪಿಎಚ್ ಸ್ಟ್ರಿಪ್ (ಹುಳಿ ಅಳೆಯೋ ಕಾಗದ, ಅಂಕೆ ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) ಇದ್ರೆ 4.6ಕ್ಕಿಂತ ಕೆಳಗೆ ಇದೆಯಾ ನೋಡ್ಕೊಳ್ಳಿ, ಆ ಗೆರೆ ಕೆಳಗೆ ಬೊಟ್ಯುಲಿಸಂ ವಿಷ ಮಾಡೋ ಬ್ಯಾಕ್ಟೀರಿಯಾ ಬೆಳೆಯಲ್ಲ, ನಿಂಬೆ ಹಾಕಿದ್ರೆ 4ರ ಕೆಳಗೇ ಇರುತ್ತೆ ಸಾಮಾನ್ಯವಾಗಿ. ಕೊನೆಗೆ ಅರ್ಧ ಲೋಟ ಹುದುಗು ಸೋಸಿ ಹಾಕಿ ಕಲಕಿ.

ಸೋಸೋದು ಮುಖ್ಯ ಅಂದಿದ್ದಕ್ಕೆ ಕಾರಣ ಇದೆ. ಹಣ್ಣಿನ ತಿರುಳು, ಶುಂಠಿ ಚೂರು ಒಳಗೆ ಉಳಿದ್ರೆ ಮುಚ್ಚಳ ತೆಗೆದ ತಕ್ಷಣ ಗ್ಯಾಸು ಆ ಚೂರುಗಳ ಮೇಲೇ ಗುಳ್ಳೆ ಕಟ್ಟಿ ಪೂರ್ತಿ ಬಾಟಲಿ ಸೂರಿಗೆ ಚಿಮ್ಮುತ್ತೆ. ಮಾವಿನಹಣ್ಣು, ಅನಾನಸ್ ಇದರಲ್ಲಿ ಎತ್ತಿದ ಕೈ, ತಿರುಳೂ ಜಾಸ್ತಿ ಸಕ್ಕರೆನೂ ಜಾಸ್ತಿ. ಮೊದಲ ಸಲ ಮಾಡೋರು ಮಾವು ಮುಟ್ಟಬೇಡಿ, ಶುಂಠಿ ನಿಂಬೆಲೇ ಕೈ ಪಳಗಿಸ್ಕೊಳ್ಳಿ.

ಬಾಟಲಿಗೆ ತುಂಬುವಾಗ ಮೇಲೆ ಮೂರು ನಾಲ್ಕು ಬೆರಳು ಜಾಗ ಬಿಡಿ. ಕತ್ತಿನವರೆಗೂ ತುಂಬಿದ್ರೆ ಬಿಸಿಗೆ ನೀರು ಹಿಗ್ಗೋಕೂ ಜಾಗ ಇರಲ್ಲ, ಗ್ಯಾಸಿಗಂತೂ ಇಲ್ಲವೇ ಇಲ್ಲ. ಮುಚ್ಚೋ ಮುಂಚೆ ಬಾಟಲಿನ ಸ್ವಲ್ಪ ಹಿಚುಕಿ ಒಳಗಿನ ಗಾಳಿ ತೆಗೆದು ಹಾಗೇ ಮುಚ್ಚಿ, ಮೈ ತಗ್ಗಿರುತ್ತೆ. ಆಮೇಲೆ ಅದು ತಾನಾಗೇ ಉಬ್ಬಿ ನೆಟ್ಟಗಾಗೋದು ನೋಡಿದ್ರೆ ಗ್ಯಾಸ್ ಶುರುವಾಗಿದೆ ಅಂತ ದೂರದಿಂದಲೇ ಗೊತ್ತಾಗುತ್ತೆ.

ಹೆಜ್ಜೆ 4: ಕಾಯೋದು, ಆದ್ರೆ ಮರೆಯೋದಲ್ಲ

ಇಡೋ ಜಾಗ: ಬಿಸಿಲು ಬೀಳದ, ಒಲೆ ಪಕ್ಕ ಅಲ್ಲದ, ಮಕ್ಕಳು ಓಡಾಡದ ಜಾಗ. ಒಂದು ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿ ಅಥವಾ ಹಳೇ ಐಸ್ ಬಾಕ್ಸ್ ಒಳಗೆ ನಿಲ್ಲಿಸಿ, ಏನೇ ಆದ್ರೂ ಒಳಗೇ ಆಗ್ಲಿ. ಫ್ರಿಜ್ ಹಿಂದೆ ಬೆಚ್ಚಗಿರುತ್ತೆ ಅಂತ ಅಲ್ಲಿ ಇಡೋರಿದ್ದಾರೆ, ಬೇಡ, ಅಲ್ಲಿ ಇಟ್ಟಿದ್ದು ಕಣ್ಣಿಗೆ ಬೀಳಲ್ಲ.

ಬೇಸಿಗೇಲಿ ಆರು ಗಂಟೆಗೊಂದು ಸಲ, ತಣ್ಣಗಿರೋ ಕಾಲದಲ್ಲಿ ಬೆಳಗ್ಗೆ ಸಂಜೆ ಬಾಟಲಿ ಹಿಚುಕಿ ನೋಡಿ. ಪಕ್ಕದಲ್ಲಿ ಅಂಗಡಿಯಿಂದ ತಂದ ತೆಗೆಯದ ಸೋಡಾ ಬಾಟಲಿ ಒಂದು ಇಟ್ಕೊಳ್ಳಿ, ಅದನ್ನೂ ಹಿಚುಕಿ ಇದನ್ನೂ ಹಿಚುಕಿ. ಎರಡೂ ಒಂದೇ ಥರ ಗಟ್ಟಿ ಅನ್ನಿಸಿದ್ರೆ ತಕ್ಷಣ ಫ್ರಿಜ್ಜಿಗೆ. ಸಾಯಂಕಾಲ ನೋಡೋಣ, ಆಫೀಸಿಂದ ಬಂದ್ಮೇಲೆ ಇಡೋಣ, ಇವೆಲ್ಲ ಇಲ್ಲ. ಬುಡದ ಉಬ್ಬುಗಳು ಹೊರಗೆ ತಳ್ಳಿ ಬಾಟಲಿ ನೆಟ್ಟಗೆ ನಿಲ್ತಿಲ್ಲ ಅಂದ್ರೆ ಆಗ್ಲೇ ಮಿತಿ ಮೀರಿದೆ, ಅಲ್ಲೇ ಮುಚ್ಚಳ ಕೂದಲೆಳೆಯಷ್ಟು ಸಡಿಲಿಸಿ ಗ್ಯಾಸ್ ಬಿಡಿ.

ಗಾಜಿನ ಬಾಟಲಿಯವರು ದಿನಾ ಒಂದ್ಸಲ ಮುಚ್ಚಳ ತೆಗೆದು ಗ್ಯಾಸ್ ಬಿಟ್ರೆ ಸಾಕು ಅಂತಾರೆ. ನನಗೆ ಈ ಪದ್ಧತಿ ಮೇಲೆ ನಂಬಿಕೆ ಇಲ್ಲ. ಬಿಟ್ಟ ಗ್ಯಾಸು ಮತ್ತೆ ಹುಟ್ಟುತ್ತೆ, ಒಂದಿನ ಊರಿಗೆ ಹೋದ್ರೆ, ಒಂದಿನ ಜ್ವರ ಬಂದ್ರೆ ಮುಗೀತು. ಅದಕ್ಕಿಂತ ಒಳ್ಳೇ ಉಪಾಯ ಅಂದ್ರೆ ಒಂದೇ ಪಾಕನ ಒಂದು ಪ್ಲಾಸ್ಟಿಕ್ ಬಾಟಲಿ, ಮಿಕ್ಕಿದ್ದು ಗಾಜಿಗೆ ತುಂಬಿ, ಎಲ್ಲಾನೂ ಒಂದೇ ಜಾಗದಲ್ಲಿ ಇಡೋದು. ಪ್ಲಾಸ್ಟಿಕ್ಕಿನದು ಗಟ್ಟಿಯಾಯ್ತು ಅಂದ್ರೆ ಗಾಜಿನದೂ ಆಗಿದೆ ಅಂತ, ಎಲ್ಲಾ ಒಟ್ಟಿಗೆ ಫ್ರಿಜ್ಜಿಗೆ.

ಫ್ರಿಜ್ಜು ಯೀಸ್ಟನ್ನ ಕೊಲ್ಲಲ್ಲ, ನಿಧಾನ ಮಾಡುತ್ತೆ ಅಷ್ಟೇ. ಒಂದು ವಾರದೊಳಗೆ ಕುಡಿದು ಮುಗಿಸಿ. ಮಳೆಗಾಲದಲ್ಲಿ ಕರೆಂಟು ಹೋಗಿ ಹೋಗಿ ಬರೋ ಊರಾದ್ರೆ ಇನ್ನೂ ಬೇಗ, ಇಡೀ ದಿನ ಕರೆಂಟ್ ಇಲ್ಲ ಅಂದ್ರೆ ಫ್ರಿಜ್ಜಿನ ಬಾಟಲಿನೂ ಹೊರಗಿನ ಬಾಟಲಿ ಅಂತಲೇ ತಿಳ್ಕೊಂಡು ಹಿಚುಕಿ ನೋಡಿ. ಫ್ರೀಜರಲ್ಲಿ ಬೇಡ, ನೀರು ಗಡ್ಡೆಕಟ್ಟಿ ಹಿಗ್ಗಿದ್ರೆ ಗ್ಯಾಸ್ ಇಲ್ಲದೇನೂ ಗಾಜು ಒಡೆಯುತ್ತೆ.

ಹೆಜ್ಜೆ 5: ತೆಗೆಯೋದು

ಕನಿಷ್ಠ ಒಂದು ರಾತ್ರಿ ಫ್ರಿಜ್ಜಲ್ಲಿ ತಣ್ಣಗಾಗದೇ ಯಾವ ಬಾಟಲಿನೂ ಕುಡಿಯೋಕೆ ಅಂತ ತೆಗೀಬೇಡಿ. ಸಿಂಕ್ ಒಳಗೆ ಇಟ್ಟು, ಮೇಲೆ ದಪ್ಪ ಟವೆಲ್ ಹಾಕಿ, ಮುಖ ಬೇರೆ ಕಡೆ ಮಾಡಿ, ನಿಧಾನಕ್ಕೆ ತಿರುಗಿಸಿ, ಸುಯ್ ಅಂದ ತಕ್ಷಣ ನಿಲ್ಲಿಸಿ, ನೊರೆ ಮೇಲೆ ಬಂದ್ರೆ ವಾಪಸ್ ಬಿಗಿದು ಒಂದು ನಿಮಿಷ ಬಿಟ್ಟು ಮತ್ತೆ. ಕೊಕ್ಕೆ ಬಾಟಲಿ ಆದ್ರೆ ಬಿರಡೆ ಮೇಲೆ ಅಂಗೈ ಒತ್ತಿಟ್ಟೇ ಕೊಕ್ಕೆ ಬಿಡಿಸಿ. ಊಟದ ಟೇಬಲ್ ಮೇಲೆ ನೆಂಟರ ಮುಂದೆ ಠಪ್ ಅಂತ ತೆಗೆದು ತೋರಿಸೋ ಆಸೆ ಬಿಡಿ.

ಅನುಮಾನ ಬಂದಿರೋ ಗಾಜಿನ ಬಾಟಲಿ ಇದ್ರೆ

ಮೇ ತಿಂಗಳಲ್ಲಿ ಪಕ್ಕದ ಬೀದಿ ಹುಡುಗ ಫೋನ್ ಮಾಡಿದ್ದ, "ಅಕ್ಕಾ, ಕಪಾಟಲ್ಲಿಟ್ಟಿದ್ದ ಎರಡು ಬಾಟಲಿಲಿ ಒಂದು ಒಡೆದೋಗಿದೆ, ಇನ್ನೊಂದನ್ನ ಎತ್ತಿ ಹೊರಗೆ ಹಾಕ್ಲಾ?" ಅಂತ. "ಮುಟ್ಟಬೇಡ ಕಣೋ, ಮೊದಲು ಆ ಕಪಾಟಿನ ಬಾಗಿಲು ಮುಚ್ಚು" ಅಂದೆ. ಒಂದು ಒಡೆದಿದೆ ಅಂದ್ರೆ ಅದೇ ದಿನ ತುಂಬಿದ ಇನ್ನೊಂದು ಅದೇ ಹಂತದಲ್ಲಿದೆ ಅಂತಲೇ ಅರ್ಥ, ಎತ್ತುವಾಗ ಅಲುಗಾಡಿದ್ರೆ ಕೈಯಲ್ಲೇ ಹೋಗುತ್ತೆ.

ಮಾಡಬೇಕಾದ್ದು ಹೀಗೆ: ಮಕ್ಕಳು, ನಾಯಿ, ಬೆಕ್ಕು ಎಲ್ಲಾರನ್ನೂ ಆ ರೂಮಿಂದ ಆಚೆ ಕಳಿಸಿ. ಬೈಕಿನ ಹೆಲ್ಮೆಟ್ ಹಾಕ್ಕೊಂಡು ಗಾಜು ಪೂರ್ತಿ ಕೆಳಗಿಳಿಸಿ, ಕಣ್ಣು ಕುತ್ತಿಗೆ ಎರಡೂ ಮುಚ್ಚಬೇಕು, ಕುತ್ತಿಗೆಗೆ ದಪ್ಪ ಟವೆಲ್ ಸುತ್ತಿ. ಜೀನ್ಸ್ ಜಾಕೆಟ್ಟು, ಕೈಗೆ ದಪ್ಪ ಗ್ಲೌಸ್, ಕಾಲಿಗೆ ಶೂ. ಬಾಟಲಿ ಮೇಲೆ ಕಂಬಳಿ ಎರಡು ಮೂರು ಮಡಿಕೆ ಹಾಕಿ ಮುಚ್ಚಿ. ತಕ್ಷಣ ಐಸ್ ನೀರು ಸುರಿಬೇಡಿ, ಬೆಚ್ಚಗಿರೋ ಗಾಜಿಗೆ ತಣ್ಣೀರು ಬಿದ್ರೆ ಅದೇ ಸಾಕು ಬಿರುಕಿಗೆ. ಬೆಳಗಿನ ಜಾವ ರೂಮು ತಣ್ಣಗಿರೋ ಹೊತ್ತಿಗೆ ಕಂಬಳಿ ಸಮೇತ ಅಲುಗಾಡಿಸದೆ ಎತ್ತಿ ಬಕೆಟ್ ಒಳಗಿಟ್ಟು, ಬಕೆಟ್ ಸಮೇತ ಫ್ರಿಜ್ಜಿಗೆ. ಇಡೀ ದಿನ ತಣ್ಣಗಾದ ಮೇಲೆ ಅದೇ ವೇಷದಲ್ಲಿ, ಕಂಬಳಿ ಮೇಲಿಂದಲೇ, ಗ್ಯಾಸ್ ಬಿಟ್ಟು ಚೆಲ್ಲಿ. ಒಳಗಿರೋದು ಕುಡಿಯೋಕೆ ಅಂತ ಉಳಿಸ್ಕೊಳ್ಳೋ ದುರಾಸೆ ಬೇಡ, ಗಾಜಿನ ಸಣ್ಣ ಚೂರು ಕಣ್ಣಿಗೆ ಕಾಣಲ್ಲ.

ಏಟು ಬಿದ್ದೇ ಬಿಟ್ರೆ: ಕೈ ಕುಯ್ದಿದ್ರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡೀರಿ, ಕೈ ಎತ್ತರಕ್ಕಿರ್ಲಿ, ಒಳಗೆ ಗಾಜು ಸಿಕ್ಕಿದ್ರೆ ಕೀಳಬೇಡಿ. ಕಣ್ಣಿಗೆ ಗಾಜು ಹೊಕ್ಕಿದ್ರೆ ಉಜ್ಜಬೇಡಿ, ನೀರು ಹಾಕ್ಬೇಡಿ, ಒತ್ತಬೇಡಿ, ಒಂದು ಪೇಪರ್ ಕಪ್ ಬುಡ ಹೊರಗೆ ಬರೋ ಹಾಗೆ ಕಣ್ಣಿನ ಮೇಲಿಟ್ಟು ಟೇಪ್ ಹಾಕಿ, ಕಣ್ಣಿಗೆ ತಾಗಬಾರದು, ನೇರ ಕಣ್ಣಿನ ವಿಭಾಗ ಇರೋ ಆಸ್ಪತ್ರೆಗೆ. ಬೆಂಗಳೂರಲ್ಲಿ ಮಿಂಟೋ ಇದೆ, ದೀಪಾವಳಿ ಪಟಾಕಿ ಗಾಯದವರು ಎಷ್ಟೋ ಜನ ಅಲ್ಲಿಗೇ ಹೋಗೋದು. ಗಾಡಿ ಇಲ್ಲ ಅಂದ್ರೆ 108.

ಇನ್ನು ಹೊಟ್ಟೆ ವಿಷಯ

ಮೇಲೆ ಹಸಿರು, ಕಪ್ಪು, ಬಿಳಿ ಬಣ್ಣದ ರೋಮ ರೋಮದ ಬೂಷ್ಟು ಬಂದ್ರೆ ಪೂರ್ತಿ ಚೆಲ್ಲಿ, ಮೇಲಿಂದ ತೆಗೆದು ಉಳಿದದ್ದು ಬಳಸೋದಲ್ಲ. ಗುಲಾಬಿ, ಕಿತ್ತಳೆ ಗೆರೆ, ಕೊಳೆತ ವಾಸನೆ, ಇವೂ ಅಷ್ಟೇ. ಚಪ್ಪಟೆಯಾಗಿ ಸುಕ್ಕು ಸುಕ್ಕಾದ ಬಿಳಿ ಪೊರೆ ಸಾಮಾನ್ಯವಾಗಿ ಯೀಸ್ಟೇ, ಅಪಾಯ ಇಲ್ಲ, ಆದ್ರೂ ರುಚಿ ಕೆಡಿಸುತ್ತೆ.

ಕೊಂಬುಚಾ ಮಾಡೋರು ಹಿಂದಿನ ಸಲದ ಹುಳಿ ಕೊಂಬುಚಾನ ಹೊಸ ಚಹಾದ ಹತ್ತನೇ ಒಂದು ಭಾಗದಷ್ಟಾದ್ರೂ ಹಾಕಿ, ಮೊದಲ ದಿನದಿಂದಲೇ ಹುಳಿ ಇದ್ರೆ ಬೂಷ್ಟಿಗೆ ಅವಕಾಶ ಇರಲ್ಲ. 1995ರಲ್ಲಿ ಅಮೆರಿಕದ ಅಯೋವಾದಲ್ಲಿ ಮನೆ ಕೊಂಬುಚಾ ಕುಡೀತಿದ್ದ ಇಬ್ಬರು ಹೆಂಗಸರಿಗೆ ರಕ್ತದಲ್ಲಿ ಆಮ್ಲ ವಿಪರೀತ ಏರಿ ಒಬ್ಬರು ತೀರಿಕೊಂಡ್ರು, ಕೊಂಬುಚಾನೇ ಕಾರಣ ಅಂತ ಸಾಬೀತಾಗಲಿಲ್ಲ, ಆದ್ರೂ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಆಮೇಲೆ ಹೇಳಿದ್ದು ಆರೋಗ್ಯವಂತರಿಗೆ ದಿನಕ್ಕೆ ಸುಮಾರು 120 ಎಂಎಲ್ ತೊಂದರೆ ಕೊಡದೇ ಇರಬಹುದು ಅಂತ. ಅರ್ಧ ಲೋಟ ಅಷ್ಟೇ. ಔಷಧಿ ಅಂತ ದಿನಾ ಲೀಟರ್‌ಗಟ್ಟಲೆ ಕುಡಿಯೋರು ಇದನ್ನ ಯೋಚನೆ ಮಾಡ್ಬೇಕು.

ಪಾತ್ರೆ ವಿಷಯದಲ್ಲಿ ನಮ್ಮ ಕಡೆ ಒಂದು ವಿಶೇಷ ಅಪಾಯ ಇದೆ, ತಾಮ್ರದ ಬಾಟಲಿ. ನೀರಿಗೆ ಒಳ್ಳೇದು ಅಂತ ಎಲ್ಲರ ಮನೇಲೂ ಒಂದಿದೆ, ಅದಕ್ಕೆ ಹುಳಿ ಪಾನೀಯ ಹಾಕಿದ್ರೆ ತಾಮ್ರ ಕರಗಿ ಬಂದು ವಾಂತಿ, ಹೊಟ್ಟೆನೋವು ಬರ್ಬೋದು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆನೂ ಬೇಡ. ಅಜ್ಜಿ ಕಾಲದ ಬಣ್ಣ ಬಣ್ಣದ ಪಿಂಗಾಣಿ ಜಾಡಿಯ ಮೆರುಗಲ್ಲಿ ಸೀಸ ಇರೋ ಸಾಧ್ಯತೆ ಇದೆ, ಆಸ್ಟ್ರೇಲಿಯಾದಲ್ಲಿ ಪಿಂಗಾಣಿ ಪಾತ್ರೇಲಿ ಕೊಂಬುಚಾ ಮಾಡಿ ಕುಡಿದವರಿಗೆ ಸೀಸದ ವಿಷ ಏರಿದ್ದು ವೈದ್ಯಕೀಯ ಪತ್ರಿಕೆಯಲ್ಲೇ ದಾಖಲಾಗಿದೆ. ಗಾಜಿನ ಜಾರು ಹುದುಗಿಗೆ, ಪ್ಲಾಸ್ಟಿಕ್ ಸೋಡಾ ಬಾಟಲಿ ಗ್ಯಾಸಿಗೆ, ಎರಡರ ಕೆಲಸ ಅದಲು ಬದಲು ಮಾಡ್ಬೇಡಿ.

ಆಲ್ಕೋಹಾಲ್ ಇಲ್ಲ ಅಂದ್ಕೋಬೇಡಿ

ಮೇಲಿನ ಲೆಕ್ಕ ನೆನಪಿದ್ಯಲ್ಲ, 14 ಗ್ರಾಂ ಸಕ್ಕರೆ. ಅದನ್ನ ಯೀಸ್ಟ್ ತಿಂದು ಸೋಡಾದಷ್ಟು ಗ್ಯಾಸ್ ಕೊಡೋ ಹೊತ್ತಿಗೆ ಆಲ್ಕೋಹಾಲು ಕೂಡ 1%ರ ಹತ್ತಿರ ಬಂದಿರುತ್ತೆ, ಗ್ಯಾಸ್ ಜೊತೆ ಜೋಡಿಯಾಗೇ ಹುಟ್ಟೋದು ಅದು. ನಮ್ಮ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ನಿಯಮದಲ್ಲಿ 0.5% ದಾಟಿದ್ರೆ ಅದು ಆಲ್ಕೋಹಾಲ್ ಪಾನೀಯ. ಬಸುರಿಯರು, ಚಿಕ್ಕ ಮಕ್ಕಳು, ಕುಡಿತ ಬಿಟ್ಟವರು, ಲಿವರ್ ತೊಂದರೆ ಇರೋರು, ಮೆಟ್ರೊನಿಡಜೋಲ್ ಥರದ ಆಂಟಿಬಯೋಟಿಕ್ ಮಾತ್ರೆ ತಗೊಳ್ತಿರೋರು, ಧರ್ಮದ ಕಾರಣಕ್ಕೆ ಮುಟ್ಟದೋರು, ಇವರಿಗೆಲ್ಲ ಹೇಳದೇ ಕೊಡೋದು ತಪ್ಪು. ಸಕ್ಕರೆ ಕಾಯಿಲೆಯವರಿಗೆ ಉಳಿದ ನಾಲ್ಕು ಪಾಲು ಸಕ್ಕರೆನೂ ಹೇಳಿ. ಡಬ್ಬಿಯಲ್ಲಿಟ್ಟು ಮಾರೋ ಯೋಚನೆ ಇದ್ರೆ ಅದು ಲೈಸೆನ್ಸಿನ ವಿಷಯ, ಅಬಕಾರಿವರೆಗೂ ಹೋಗುತ್ತೆ.

ಮನೆ ಸೋಡಾದಲ್ಲಿ ಮೆಥನಾಲ್ ವಿಷ ಬರುತ್ತಾ ಅಂತ ಭಯ ಬೀಳೋರಿಗೆ: ಸಕ್ಕರೆ ನೀರು ಹುಳಿಯೋದ್ರಿಂದ ಅಪಾಯದಷ್ಟು ಬರಲ್ಲ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನ ಬಲಿ ತಗೊಂಡ ಕಳ್ಳಭಟ್ಟಿ ದುರಂತ ಇದೇ ಮೆಥನಾಲ್ (ಮೀಥೈಲ್ ಆಲ್ಕೋಹಾಲ್) ಸೇರಿದ್ದರಿಂದ ಆಗಿದ್ದು. ಭಟ್ಟಿ ಇಳಿಸೋ ಪ್ರಯೋಗ ಮಾತ್ರ ಯಾವ ಕಾರಣಕ್ಕೂ ಬೇಡ, ಕಾನೂನಿಗೂ ವಿರುದ್ಧ, ಪ್ರಾಣಕ್ಕೂ.

ಯೀಸ್ಟ್ ಬೇಡ, ಶಾರ್ಟ್‌ಕಟ್ ಸಾಕು ಅನ್ನೋರಿಗೆ

ಅಡುಗೆ ಸೋಡಾ, ನಿಂಬೆರಸ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯೋದು ಬೇಡ, ಕ್ಷಣದಲ್ಲೇ ಗ್ಯಾಸ್ ಹುಟ್ಟುತ್ತೆ, ಲೋಟದಲ್ಲಿ ಮಾಡಿ ಕುಡೀರಿ ಸಾಕು. ಡ್ರೈ ಐಸ್ (ಗಡ್ಡೆಕಟ್ಟಿದ ಕಾರ್ಬನ್ ಡೈಆಕ್ಸೈಡ್) ಮುಚ್ಚಿದ ಬಾಟಲಿಗೆ ಹಾಕಿದ್ರೆ ಅದು ನಿಜವಾದ ಬಾಂಬೇ, ಪ್ಲಾಸ್ಟಿಕ್ ಆದ್ರೂ ಕೈಬೆರಳು ಹೋಗುತ್ತೆ, ಬಾಯಿಗೆ ಹೋದ್ರೆ ಗಂಟಲೇ ಸುಡುತ್ತೆ, 2024ರ ಮಾರ್ಚಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಮೌತ್ ಫ್ರೆಶ್ನರ್ ಅಂತ ಡ್ರೈ ಐಸ್ ಕೊಟ್ಟು ಐದು ಜನ ರಕ್ತ ವಾಂತಿ ಮಾಡ್ಕೊಂಡು ಆಸ್ಪತ್ರೆ ಸೇರಿದ್ರು.

ಸೋಡಾ ಮೇಕರ್ ಮೆಷಿನ್ ಇದ್ರೆ ಅದು ಎಲ್ಲಕ್ಕಿಂತ ನಿರಾಳ, ಬರೀ ನೀರಿಗೆ ಗ್ಯಾಸ್ ಹಾಕಿ ಆಮೇಲೆ ಸಿರಪ್ ಬೆರೆಸಿ, ಜ್ಯೂಸಿಗೆ ನೇರ ಹಾಕಿದ್ರೆ ನೊರೆ ವಾಲ್ವಿಗೆ ಸಿಕ್ಕೊಳ್ಳುತ್ತೆ. ದೊಡ್ಡ ಸಿಲಿಂಡರ್ ತಂದು ಹೊಂದಿಸ್ಕೊಳ್ಳೋರು ಅದನ್ನ ಗಾಳಿಯಾಡೋ ಜಾಗದಲ್ಲಿ ಸರಪಳಿ ಹಾಕಿ ನಿಲ್ಲಿಸಿ. ಎರಡು ಕೆಜಿ ಗ್ಯಾಸ್ ಪೂರ್ತಿ ಲೀಕಾದ್ರೆ ಸಾವಿರ ಲೀಟರಿಗೂ ಜಾಸ್ತಿ ಆಗುತ್ತೆ, ಬಾಗಿಲು ಮುಚ್ಚಿದ ಪುಟ್ಟ ಯುಟಿಲಿಟಿಲಿ ಅಷ್ಟು ಸಾಕು ಮನುಷ್ಯ ಪ್ರಜ್ಞೆ ತಪ್ಪೋಕೆ, ಅದಕ್ಕೆ ಬಣ್ಣ ವಾಸನೆ ಏನೂ ಇಲ್ಲ, ಗಾಳಿಗಿಂತ ಭಾರ ಬೇರೆ, ನೆಲದಲ್ಲೇ ಕೂತಿರುತ್ತೆ.

ಕೊನೇದಾಗಿ ಸಾಗಿಸೋದು. ಅಕ್ಕನ ಮನೆಗೆ ಅಂತ ಎರಡು ಬಾಟಲಿ ಬ್ಯಾಗಲ್ಲಿ ಹಾಕ್ಕೊಂಡು ಮಧ್ಯಾಹ್ನದ ಬಸ್ಸಲ್ಲಿ ಊರಿಗೆ ಹೊರಡೋರು, ಬಾಟಲಿ ಪ್ಲಾಸ್ಟಿಕ್ಕೇ ಆಗಿರ್ಲಿ, ಐಸ್ ಬಾಕ್ಸಲ್ಲಿ ಐಸ್ ಪ್ಯಾಕ್ ಜೊತೆ ಇರ್ಲಿ, ಹೊರಡೋ ಮುಂಚೆ ಒಂದ್ಸಲ ಗ್ಯಾಸ್ ಬಿಟ್ಟಿರಿ, ಅಲ್ಲಿ ತಲುಪಿದ ತಕ್ಷಣ ಫ್ರಿಜ್ಜಿಗೆ ಹೋಗ್ಲಿ. ಆರು ತಾಸಿನ ಪ್ರಯಾಣ ಆದ್ರೆ ಸೋಡಾ ಬದಲು ಒಂದು ಸಣ್ಣ ಜಾರಲ್ಲಿ ಹುದುಗನ್ನೇ ಬಟ್ಟೆ ಕಟ್ಟಿ ತಗೊಂಡು ಹೋಗಿ, ಅವರು ಅಲ್ಲೇ ಮಾಡ್ಕೊಳ್ಲಿ, ಜೊತೆಗೆ ಬುಡದಲ್ಲಿ ಐದು ಉಬ್ಬಿರೋ ನಾಲ್ಕು ಖಾಲಿ ಬಾಟಲಿನೂ ಕೊಡಿ.